ಬೊಂಬೆನಾಡಿನ ಮಕ್ಕಳ ಹಬ್ಬ ಕಿರುತೆರೆಗೂ ಬರಲಿ

ದಸರಾ ರಜೆ ಬಂತೆಂದರೆ ಹಳೇ ಮೈಸೂರು ಸೀಮೆಯ ಮನೆಗಳ ಅಟ್ಟದಿಂದ ಗೊಂಬೆಗಳು ಇಳಿಯುತ್ತವೆ. ಹಳೆಯ ಪಂಚೆ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದ ಪಟ್ಟದ ಗೊಂಬೆಗಳು ಹೊಸ ಬಟ್ಟೆಯುಟ್ಟು ಮೆಟ್ಟಿಲ ಮೇಲೆ ಕೂರುತ್ತವೆ. ಸಂಜೆ ಆರತಿ ಮುಗಿಯುವ ಹೊತ್ತಿಗೆ ಬೀದಿಯ ಮಕ್ಕಳೆಲ್ಲ ಮನೆ ಮನೆ ಸುತ್ತಿ ಗೊಂಬೆ ಬಾಗಿನ ಕೇಳುತ್ತಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಹಳೆಯ ಬೀದಿಗಳಲ್ಲಿ ಈ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಮಕ್ಕಳ ರಜೆಗೂ ಗೊಂಬೆಗೂ ಇಷ್ಟು ಹತ್ತಿರದ ನಂಟಿರುವ ಸೀಮೆ ಇದು.

ಈಗ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾಗಿರುವ ರಾಮನಗರ ಜಿಲ್ಲೆಗೆ ಗೊಂಬೆಗಳ ವಿಷಯದಲ್ಲಿ ಎರಡು ಆಸ್ತಿಗಳಿವೆ. ಒಂದು, ಚನ್ನಪಟ್ಟಣದ ಬಣ್ಣದ ಬೊಂಬೆ. ಇನ್ನೊಂದು, ರಾಮನಗರದ ಹೊರವಲಯದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ. ಎರಡರ ನಡುವೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯೂ ಇಲ್ಲ. ಚನ್ನಪಟ್ಟಣದ ಬೊಂಬೆ ಮಗುವಿನ ಕೈಗೆ ಸಿಗುತ್ತದೆ, ಅದಕ್ಕೆ ಕಥೆಯಿಲ್ಲ. ಜಾನಪದ ಲೋಕದಲ್ಲಿರುವ ತೊಗಲು ಗೊಂಬೆ, ಸೂತ್ರದ ಗೊಂಬೆಗಳಿಗೆ ಕಥೆಯಿದೆ, ಅವು ಮಗುವಿನ ಕಣ್ಣೆದುರು ಕುಣಿಯುವುದು ಅಪರೂಪ. ರಜೆಯ ಮಗು ಮಾತ್ರ ಮೊಬೈಲಿನಲ್ಲಿ ಎಲ್ಲಿಯದೋ ಕಾರ್ಟೂನು ನೋಡುತ್ತ ಕೂತಿರುತ್ತದೆ.

ಈ ಮೂವರನ್ನೂ ಒಂದೆಡೆ ಸೇರಿಸಬೇಕು ಎಂಬುದು ಈ ಬರಹದ ಒತ್ತಾಯ. ವರ್ಷಕ್ಕೊಮ್ಮೆ, ದಸರಾ ರಜೆಯಲ್ಲೋ ಮಕ್ಕಳ ದಿನಾಚರಣೆಯಂದೋ, ಈ ನಾಲ್ಕು ತಾಲ್ಲೂಕುಗಳ ಮಕ್ಕಳನ್ನು ಕೂಡಿಸಿ ಗೊಂಬೆಯಾಟ ಆಡಿಸಬೇಕು. ಆ ಹಬ್ಬ ದೂರದರ್ಶನದ ಚಂದನ ವಾಹಿನಿಯಲ್ಲಿ ನಾಡಿನ ಎಲ್ಲ ಮಕ್ಕಳಿಗೂ ಕಾಣಬೇಕು.

ಟಿ.ವಿ.ಯ ಮೊದಲ ಮುಖವೇ ಗೊಂಬೆ

ಗೊಂಬೆ ಮತ್ತು ಟಿ.ವಿ.ಯದು ಹುಟ್ಟಿನಿಂದ ಬಂದ ನಂಟು. 1925ರ ಅಕ್ಟೋಬರ್ 2ರಂದು ಲಂಡನ್ನಿನ ತನ್ನ ಪ್ರಯೋಗಶಾಲೆಯಲ್ಲಿ ಜಾನ್ ಲೋಗಿ ಬೇರ್ಡ್ ಗುರುತು ಸಿಗುವಷ್ಟು ಸ್ಪಷ್ಟವಾದ ಮುಖವೊಂದನ್ನು ಮೊದಲ ಬಾರಿಗೆ ಪರದೆಯ ಮೇಲೆ ಮೂಡಿಸಿದರು. ಅದು ಮನುಷ್ಯನ ಮುಖವಲ್ಲ, ಸ್ಟೂಕಿ ಬಿಲ್ ಎಂಬ ಮಾತನಾಡುವ ಗೊಂಬೆಯ ತಲೆ. ಆ ಕಾಲದ ಯಂತ್ರಕ್ಕೆ ಬೇಕಿದ್ದ ದೀಪಗಳ ಕಾವನ್ನು ಮನುಷ್ಯರು ಬಹಳ ಹೊತ್ತು ತಾಳುವಂತಿರಲಿಲ್ಲ. ಅಮೆರಿಕದಲ್ಲೂ ಹೀಗೇ ಆಯಿತು. 1928ರಲ್ಲಿ ನ್ಯೂಯಾರ್ಕಿನ ಎಂಜಿನಿಯರುಗಳು ಫೆಲಿಕ್ಸ್ ಎಂಬ ಬೆಕ್ಕಿನ ಗೊಂಬೆಯನ್ನು ತಿರುಗುವ ತಟ್ಟೆಯ ಮೇಲೆ ನಿಲ್ಲಿಸಿ ಪ್ರಸಾರದ ಪರೀಕ್ಷೆ ನಡೆಸಿದರು.

ಮುಂದೆ ಟಿ.ವಿ. ಮನೆಮನೆಗೆ ಬಂದಾಗ ಮಕ್ಕಳ ಕಾರ್ಯಕ್ರಮಗಳ ಭಾರವನ್ನು ಹೊತ್ತದ್ದೂ ಗೊಂಬೆಗಳೇ. 1946ರಲ್ಲಿ ಬಿಬಿಸಿಯಲ್ಲಿ ಮಫಿನ್ ಎಂಬ ಹೇಸರಗತ್ತೆಯ ಗೊಂಬೆ ಪಿಯಾನೊ ಮೇಲೆ ಕುಣಿಯಿತು. 1947ರ ಡಿಸೆಂಬರ್ 27ರಂದು, ಕ್ರಿಸ್‌ಮಸ್ ರಜೆಯ ನಡುವೆ, ಅಮೆರಿಕದ ಎನ್‌ಬಿಸಿ ವಾಹಿನಿ ಗೊಂಬೆಯಾಟದ ಕಾರ್ಯಕ್ರಮವೊಂದನ್ನು ಆರಂಭಿಸಿತು. ‘ಹೌಡಿ ಡೂಡಿ’ ಎಂಬ ಹೆಸರಿನಲ್ಲಿ ಅದು 1960ರವರೆಗೂ ನಡೆಯಿತು. ಅದರ ಗೆಲುವಿನ ಗುಟ್ಟು ಗೊಂಬೆಯೊಂದರಲ್ಲೇ ಇರಲಿಲ್ಲ. ಸ್ಟುಡಿಯೊದಲ್ಲೇ ಮಕ್ಕಳನ್ನು ಸಾಲಾಗಿ ಕೂರಿಸಿದ್ದರು. ಅವರು ಕೂಗುತ್ತಿದ್ದರು, ಹಾಡುತ್ತಿದ್ದರು, ಗೊಂಬೆಗೆ ಉತ್ತರ ಕೊಡುತ್ತಿದ್ದರು. ಮನೆಯಲ್ಲಿ ಕೂತು ನೋಡುವ ಮಗುವಿಗೆ ತಾನೂ ಆ ಸಾಲಿನಲ್ಲಿದ್ದೇನೆ ಅನ್ನಿಸುತ್ತಿತ್ತು.

1969ರಲ್ಲಿ ಬಂದ ‘ಸೆಸಮಿ ಸ್ಟ್ರೀಟ್’ ಇದೇ ದಾರಿಯಲ್ಲಿ ಅಕ್ಷರ, ಅಂಕಿ ಕಲಿಸಿತು. ಅದರ ಭಾರತೀಯ ರೂಪ ‘ಗಲಿ ಗಲಿ ಸಿಮ್ ಸಿಮ್’ 2006ರಲ್ಲಿ ಹಿಂದಿಯಲ್ಲಿ ಶುರುವಾಯಿತು. ಶಾಲೆಯ ಸಮವಸ್ತ್ರ ತೊಟ್ಟ ಚಮ್ಕಿ ಎಂಬ ಹುಡುಗಿ ಗೊಂಬೆ ದೇಶದ ಮಕ್ಕಳಿಗೆ ಪರಿಚಯವಾಯಿತು. ತೊಗಲು ಗೊಂಬೆ, ಸಲಾಕೆ ಗೊಂಬೆ, ಯಕ್ಷಗಾನ ಗೊಂಬೆ ಮೂರನ್ನೂ ಇಟ್ಟುಕೊಂಡಿರುವ ಕರ್ನಾಟಕದ ಮಕ್ಕಳಿಗೆ ಚಮ್ಕಿಯಂಥ ಕನ್ನಡದ ಗೆಳತಿಯೊಬ್ಬಳು ಇನ್ನೂ ಸಿಕ್ಕಿಲ್ಲ ಎಂಬುದು ಬೇಸರದ ಸಂಗತಿ.

ಪರದೆಯ ಹಿಂದೆ ಒಂದು ಕುಟುಂಬ

ನಮ್ಮ ಗೊಂಬೆಯಾಟವನ್ನು ಹತ್ತಿರದಿಂದ ನೋಡಿದವರಿಗೆ ಅದರಲ್ಲಿ ಎಷ್ಟು ಕೈಗಳಿವೆ ಎಂಬುದು ಗೊತ್ತು. ತೊಗಲು ಗೊಂಬೆಗೆ ಸಾಮಾನ್ಯವಾಗಿ ಮೇಕೆಯ ಚರ್ಮ ಬಳಸುತ್ತಾರೆ. ಕೂದಲು ತೆಗೆದು, ಹೆರೆದು ಹೆರೆದು ಬೆಳಕು ಹಾಯುವಷ್ಟು ತೆಳುವಾಗಿಸುತ್ತಾರೆ. ಚಿತ್ರ ಬಿಡಿಸಿ, ಒಡವೆಯ ಜಾಗದಲ್ಲಿ, ಸೀರೆಯ ಅಂಚಿನಲ್ಲಿ ಉಳಿಯಿಂದ ಸಣ್ಣ ಸಣ್ಣ ತೂತು ಕೊರೆಯುತ್ತಾರೆ. ಕೆಂಪು, ಹಸಿರು, ಕಪ್ಪು ಬಣ್ಣ ತುಂಬಿದ ಮೇಲೆ ಸೀಳಿದ ಬಿದಿರು ಕಡ್ಡಿಯ ನಡುವೆ ಗೊಂಬೆಯನ್ನು ಸಿಕ್ಕಿಸಿ ಕಟ್ಟುತ್ತಾರೆ. ಬಿಳಿಯ ಪರದೆಯ ಹಿಂದೆ ದೀಪ ಹಚ್ಚಿದಾಗ ಆ ತೂತುಗಳ ಮೂಲಕ ಬೆಳಕು ಹಾದು ರಾವಣನ ಹತ್ತು ಕಿರೀಟಗಳೂ ಒಮ್ಮೆಲೇ ಹೊಳೆಯುತ್ತವೆ.

ಗೊಂಬೆ ಆಡಿಸುವವನೇ ಹಾಡುತ್ತಾನೆ, ಮಾತಾಡುತ್ತಾನೆ. ಸೀತೆ, ಮಂಡೋದರಿಗೆ ಮನೆಯ ಹೆಂಗಸರು ದನಿಯಾಗುತ್ತಾರೆ. ಮಗ ಮದ್ದಳೆಗೆ ಕೂರುತ್ತಾನೆ, ಮತ್ತೊಬ್ಬರು ತಾಳ ಹಿಡಿಯುತ್ತಾರೆ. ಇಡೀ ಕುಟುಂಬವೇ ಮೇಳ. ಕಥೆ ಬಿಗಿಯಾದಾಗ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಗೊಂಬೆಗಳು ಬಂದು ಜಗಳಾಡಿ ನಗಿಸಿ ಹೋಗುತ್ತಾರೆ. ಮಕ್ಕಳು ಕಾಯುವುದೇ ಇವರಿಗಾಗಿ. ಮಳೆ ಬಾರದ ವರ್ಷ ಊರವರೇ ಮೇಳವನ್ನು ಕರೆಸಿ ಇರುಳಿಡೀ ಆಡಿಸುತ್ತಿದ್ದ ಕಾಲವೊಂದಿತ್ತು.

ಹಳೇ ಮೈಸೂರು ಸೀಮೆಯ ಸೂತ್ರದ ಗೊಂಬೆಯ ಬಗೆಯೇ ಬೇರೆ. ಗೊಂಬೆಯ ತಲೆ ಮತ್ತು ಮೈಯಿಂದ ಹೊರಟ ದಾರಗಳನ್ನು ಆಡಿಸುವವನು ತನ್ನ ತಲೆಗೆ ಸುತ್ತಿಕೊಂಡ ಸಿಂಬಿಗೆ ಕಟ್ಟಿಕೊಳ್ಳುತ್ತಾನೆ. ಎರಡು ಕೈಯಲ್ಲಿ ಎರಡು ಸಲಾಕೆ ಹಿಡಿದು ಗೊಂಬೆಯ ಕೈಗಳನ್ನು ಆಡಿಸುತ್ತಾನೆ. ಗೊಂಬೆ ಹೆಜ್ಜೆ ಹಾಕುವಾಗ ಕೇಳುವ ಗೆಜ್ಜೆಯ ಸದ್ದು ಅವನ ಕಾಲಿನದೇ. ಗೊಂಬೆ ಕುಣಿಯಬೇಕಾದರೆ ಮೊದಲು ಅವನು ಕುಣಿಯಬೇಕು. ಈ ಪದ್ಧತಿಯನ್ನು ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯ ಮಟ್ಟಕ್ಕೆ ಒಯ್ದವರು ಎಂ.ಆರ್. ರಂಗನಾಥ ರಾವ್. ಬೆಂಗಳೂರಿನಲ್ಲಿ ‘ಧಾತು’ ಸಂಸ್ಥೆ ಕಟ್ಟಿದ ಅನುಪಮಾ ಹೊಸಕೆರೆ ಸೂತ್ರ–ಸಲಾಕೆ ಗೊಂಬೆಗಳಿಗೆ ಹೊಸ ಪ್ರಸಂಗಗಳನ್ನು ಕೊಟ್ಟು, ಅಂತರರಾಷ್ಟ್ರೀಯ ಗೊಂಬೆಯಾಟದ ಉತ್ಸವವನ್ನೇ ನಡೆಸುತ್ತ ಬಂದಿದ್ದಾರೆ.

ಕರಾವಳಿಗೆ ಹೋದರೆ ಕುಂದಾಪುರ ಬಳಿಯ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನದ ವೇಷ ತೊಟ್ಟ ಗೊಂಬೆಗಳು ಕುಣಿಯುತ್ತವೆ. ಕೊಗ್ಗ ಕಾಮತರು ಜಗತ್ತಿಗೆ ತೋರಿಸಿದ ಈ ಕಲೆಯನ್ನು ಮಗ ಭಾಸ್ಕರ ಕೊಗ್ಗ ಕಾಮತರು ಮುಂದುವರಿಸಿದ್ದಾರೆ. ಗಡಿಯಾಚೆಯ ಕಾಸರಗೋಡಿನಲ್ಲಿ ಕೆ.ವಿ. ರಮೇಶ್ ಅವರ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘವಿದೆ. ಬಳ್ಳಾರಿಯ ಬೆಳಗಲ್ಲು ವೀರಣ್ಣ ತೊಗಲು ಗೊಂಬೆಯಲ್ಲಿ ರಾಮಾಯಣದ ಜೊತೆಗೆ ಗಾಂಧೀಜಿಯ ಬದುಕನ್ನೂ ತಂದರು. 2023ರಲ್ಲಿ ರಸ್ತೆ ಅಪಘಾತದಲ್ಲಿ ನಾವು ಅವರನ್ನು ಕಳೆದುಕೊಂಡೆವು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ. ಹಲವು ದೇಶಗಳಲ್ಲಿ ರಾಮಾಯಣ, ಮಹಾಭಾರತ ಆಡಿಸಿ ಬಂದ ಅಜ್ಜಿ ಅವರು. ನಮ್ಮ ಎಷ್ಟು ಮಕ್ಕಳು ಅವರ ಆಟವನ್ನು ಒಮ್ಮೆಯಾದರೂ ಪೂರ್ತಿ ನೋಡಿದ್ದಾರೆ?

ಕನ್ನಡದ ಕಿರುತೆರೆ ಮಾಡಿದ್ದೇನು?

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಆಗ ಇದ್ದದ್ದು ಒಂದೇ ವಾಹಿನಿ. ಮಕ್ಕಳಿಗೆ ಸಿಗುತ್ತಿದ್ದ ಹೊತ್ತು ಕಡಿಮೆಯಾದರೂ ಬೀದಿಯ ಮಕ್ಕಳೆಲ್ಲ ಒಂದೇ ಮನೆಯ ಟಿ.ವಿ. ಮುಂದೆ ಸೇರಿ ನೋಡುತ್ತಿದ್ದರು. ಮಾತನಾಡುವ ಗೊಂಬೆಯೆಂದರೆ ಕನ್ನಡಿಗರಿಗೆ ಇವತ್ತಿಗೂ ನೆನಪಾಗುವುದು ಇಂದುಶ್ರೀ ಮತ್ತು ಅವರ ಡಿಂಕು. ವೇದಿಕೆಯಲ್ಲೂ ಟಿ.ವಿ.ಯಲ್ಲೂ ಡಿಂಕುವಿನ ತುಂಟ ಮಾತಿಗೆ ನಕ್ಕ ಮಕ್ಕಳು ಈಗ ತಾವೇ ಅಪ್ಪ ಅಮ್ಮ ಆಗಿದ್ದಾರೆ.

2009ರಲ್ಲಿ ಮಕ್ಕಳಿಗೆಂದೇ ಚಿಂಟು ಟಿ.ವಿ. ಬಂತು. ಅದರಲ್ಲಿ ಹೆಚ್ಚಿನದು ಹೊರಗಿನಿಂದ ತಂದು ಕನ್ನಡದ ದನಿ ಕೊಟ್ಟ ಕಾರ್ಟೂನು. 2016ರಲ್ಲಿ ಜೀ ಕನ್ನಡದ ‘ಡ್ರಾಮಾ ಜೂನಿಯರ್ಸ್’ ಹಳ್ಳಿಯ ಮಕ್ಕಳಲ್ಲೂ ಎಂಥ ನಟನೆ ಇದೆ ಎಂಬುದನ್ನು ತೋರಿಸಿತು. ಅದು ಸ್ಪರ್ಧೆ. ಗೆಲ್ಲುವ, ಸೋಲುವ, ಹೊರಹೋಗುವ ಲೆಕ್ಕ ಅದರಲ್ಲಿ ಇದ್ದೇ ಇರುತ್ತದೆ. ರಜೆಯ ಹಬ್ಬಕ್ಕೆ ಆ ಲೆಕ್ಕ ಬೇಡ. ಅಂಕ ಕೊಡುವವರಿಲ್ಲದೆ ಮಕ್ಕಳು ಬರೀ ನಕ್ಕು ನಲಿಯುವ ಕಾರ್ಯಕ್ರಮದ ಜಾಗ ಕನ್ನಡದಲ್ಲಿ ಖಾಲಿಯೇ ಇದೆ.

ಆ ಜಾಗವನ್ನು ತುಂಬುವ ಪ್ರಯತ್ನವೊಂದು ನಡೆದದ್ದು ಸಂಕಟದ ದಿನಗಳಲ್ಲಿ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್‌ನಿಂದಾಗಿ ಮಕ್ಕಳು ಮನೆಯೊಳಗೇ ಸಿಕ್ಕಿಕೊಂಡಿದ್ದಾಗ, ಶಿಕ್ಷಣ ಇಲಾಖೆ ‘ಮಕ್ಕಳ ವಾಣಿ’ ಎಂಬ ಯೂಟ್ಯೂಬ್ ವಾಹಿನಿ ಆರಂಭಿಸಿತು. ಪಾಠದ ಭಾರವಿಲ್ಲದೆ ಕಥೆ, ಹಾಡು, ಮ್ಯಾಜಿಕ್, ಕರಕುಶಲ, ಗೊಂಬೆಯಾಟಗಳನ್ನು ಮನೆಗೆ ತಲುಪಿಸುವುದು ಅದರ ಉದ್ದೇಶವಾಗಿತ್ತು. ಅದೇ ವರ್ಷ ಜುಲೈ 20ರಿಂದ ಚಂದನದಲ್ಲಿ ‘ಸಂವೇದ’ ಪಾಠಗಳು ಪ್ರಸಾರವಾದವು. ಮೊಬೈಲ್ ಇಲ್ಲದ ಮನೆಗಳಿಗೆ ಟಿ.ವಿ. ಎಷ್ಟು ದೊಡ್ಡ ಆಸರೆ ಎಂಬುದು ಆಗ ಎಲ್ಲರಿಗೂ ಅರಿವಾಯಿತು. ಇಲಾಖೆ ಮನಸ್ಸು ಮಾಡಿದರೆ ಕೆಲವೇ ವಾರಗಳಲ್ಲಿ ಕಲಾವಿದರನ್ನೂ ಕ್ಯಾಮೆರಾವನ್ನೂ ಒಂದೆಡೆ ತರಬಹುದು ಎಂಬುದೂ ಸಾಬೀತಾಯಿತು.

ದುಡ್ಡಿಲ್ಲ ಎಂಬ ಮಾತಿಗೆ ಚಂದನವೇ ಉತ್ತರ ಕೊಟ್ಟಿದೆ. ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಶುರುವಾದದ್ದು 2002ರಲ್ಲಿ. ಸರಳ ಸೆಟ್ಟು, ಒಳ್ಳೆಯ ಪ್ರಶ್ನೆ, ಬಹುಮಾನವಾಗಿ ಕನ್ನಡ ಪುಸ್ತಕ. ಅಷ್ಟರಲ್ಲೇ ಅದು ಎರಡು ದಶಕ ದಾಟಿತು. ನಿಷ್ಠೆಯಿಂದ ಮಾಡಿದ ಕಾರ್ಯಕ್ರಮಕ್ಕೆ ಕನ್ನಡಿಗರು ಬೆನ್ನು ತೋರಿಸುವುದಿಲ್ಲ.

ಚನ್ನಪಟ್ಟಣ ಏನು ಕೊಡಬಲ್ಲದು

ಚನ್ನಪಟ್ಟಣದ ಕಸುಬುದಾರರ ಬೀದಿಗೆ ಹೋದರೆ ಲೇತ್ ಯಂತ್ರದ ಗಿರ್ರೆನ್ನುವ ಸದ್ದು ಕೇಳುತ್ತದೆ. ತಿಂಗಳುಗಟ್ಟಲೆ ಒಣಗಿಸಿದ ಆಲೆ ಮರದ ತುಂಡು ಯಂತ್ರದಲ್ಲಿ ತಿರುಗುತ್ತಿರುತ್ತದೆ. ಉಳಿ ತಾಗಿದಂತೆ ಬಿಳಿಯ ಹೊಟ್ಟು ಉದುರಿ ತಲೆ, ಕುತ್ತಿಗೆ, ಹೊಟ್ಟೆ ಮೂಡುತ್ತವೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ತಾಳೆಗರಿಯಿಂದ ತಿಕ್ಕಿದರೆ ಕನ್ನಡಿಯಂಥ ಹೊಳಪು. ಹಳದಿಗೆ ಅರಿಸಿನ, ನೀಲಿಗೆ ನೀಲಿ ಗಿಡದ ಬಣ್ಣ. ಇಂಥ ಗಿಡಮೂಲದ ಬಣ್ಣ ಹಚ್ಚಿದ ಬೊಂಬೆಯನ್ನು ಕೂಸು ಬಾಯಿಗಿಟ್ಟುಕೊಂಡರೂ ತಾಯಿಗೆ ಅಂಜಿಕೆಯಿಲ್ಲ.

ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ವಿದ್ಯೆ ಇಲ್ಲಿಗೆ ಬಂತೆಂದು ಹೇಳುತ್ತಾರೆ. ಕಳೆದ ಶತಮಾನದಲ್ಲಿ ಬಾವಾಸ್ ಮಿಯಾ ಜಪಾನಿನ ತಂತ್ರವನ್ನು ತಂದು ಅದಕ್ಕೆ ಹೊಸ ಜೀವ ಕೊಟ್ಟರು. 2005–06ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಆದರೆ 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ರಸ್ತೆ ಊರನ್ನು ಬಳಸಿಕೊಂಡು ಹೋಯಿತು. ಹಳೆಯ ಹೆದ್ದಾರಿಯ ಬದಿಯಲ್ಲಿ ಕಾರು ನಿಲ್ಲಿಸಿ ಬೊಂಬೆ ಕೊಳ್ಳುತ್ತಿದ್ದ ಗಿರಾಕಿ ಈಗ ಊರಿನ ಹೊರಗಿಂದಲೇ ಹಾದುಹೋಗುತ್ತಾನೆ. ಅಂಗಡಿಗಳ ವ್ಯಾಪಾರ ಕುಸಿದಿದೆ.

ಲೇತ್ ಮೇಲೆ ಆನೆ, ಕುದುರೆ, ಬುಗುರಿ ಮಾಡುವ ಕೈಗಳಿಗೆ ಆಡಿಸುವ ಗೊಂಬೆಯ ತಲೆ, ತೋಳು, ಮುಂಗೈ ಮಾಡುವುದು ಕಷ್ಟದ ಕೆಲಸವಲ್ಲ. ಬಿಡಿಭಾಗಗಳನ್ನು ದಾರದಲ್ಲಿ ಪೋಣಿಸಿ ಮಕ್ಕಳೇ ಆಡಿಸಬಹುದಾದ ಸಣ್ಣ ಸೂತ್ರದ ಗೊಂಬೆಯೊಂದನ್ನು ರೂಪಿಸಬೇಕು. ಸೂತ್ರದ ಗೊಂಬೆಯ ಕಲಾವಿದರು ಮತ್ತು ಚನ್ನಪಟ್ಟಣದ ಕಸುಬುದಾರರು ಒಟ್ಟಿಗೆ ಕೂತರೆ ಅದು ಆಗುವ ಮಾತು. ಟಿ.ವಿ.ಯಲ್ಲಿ ಕುಣಿದ ಗೊಂಬೆಯ ಪುಟ್ಟ ರೂಪ ಮಗುವಿನ ಕೈಗೆ ಸಿಕ್ಕರೆ ಕಥೆ ಮನೆಯಲ್ಲೂ ಮುಂದುವರಿಯುತ್ತದೆ, ಕಸುಬುದಾರರ ಮನೆಯ ಒಲೆಯೂ ಉರಿಯುತ್ತದೆ.

ಕಥೆಗೆ ಬರವಿಲ್ಲ

ರಾಮಾಯಣ, ಮಹಾಭಾರತ ಇರಲೇಬೇಕು. ಅವುಗಳ ಜೊತೆಗೆ ಈ ನೆಲದ ಕಥೆಗಳೂ ಗೊಂಬೆಯಾಟಕ್ಕೆ ಬರಲಿ. ತೊಗಲು ಗೊಂಬೆಯ ರಾಮಾಯಣದಲ್ಲಿ ಜಟಾಯುವಿನ ಸನ್ನಿವೇಶ ಬಂದಾಗ ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದ ಕೊಕ್ಕಿನ ರಣಹದ್ದುಗಳಿದ್ದವು ಎಂದೇ 2012ರಲ್ಲಿ ಆ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಮದ್ದು, ಸತ್ತ ದನ ತಿಂದ ಹದ್ದುಗಳಿಗೆ ವಿಷವಾಗಿ ದೇಶದ ಉದ್ದಗಲಕ್ಕೂ ಅವುಗಳ ಸಂತತಿ ಅಳಿಯಿತು. ಜಟಾಯುವಿನ ಕಥೆಯಿಂದ ಹೊರಟು ಈ ವಿಷಯಕ್ಕೆ ಬಂದರೆ ಮಗುವಿಗೆ ಪುಸ್ತಕದ ಪಾಠಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಮಾಗಡಿ ಎಂದರೆ ಕೆಂಪೇಗೌಡರು. ಬೆಂಗಳೂರು ಕಟ್ಟಿದ ನಾಯಕನ ಸಮಾಧಿ ಪತ್ತೆಯಾದದ್ದು ಇದೇ ತಾಲ್ಲೂಕಿನ ಕೆಂಪಾಪುರದಲ್ಲಿ. ಹುಲಿಕಲ್‌ನ ಸಾಲುಮರದ ತಿಮ್ಮಕ್ಕನೂ ಇದೇ ತಾಲ್ಲೂಕಿನವರು. ಗಂಡ ಚಿಕ್ಕಯ್ಯನ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು, ಹುಲಿಕಲ್–ಕುದೂರು ದಾರಿಯ ಆಲದ ಸಸಿಗಳನ್ನು ಮಕ್ಕಳಂತೆ ಸಾಕಿದವರು. 2025ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ, ಅವರು ತೀರಿಕೊಂಡರು. ಬಿಂದಿಗೆ ಹೊತ್ತ ಎರಡು ಗೊಂಬೆ, ಪರದೆಯ ಮೇಲೆ ಮೆಲ್ಲಗೆ ಎದ್ದು ನಿಲ್ಲುವ ಆಲದ ಮರ. ಇಷ್ಟಿದ್ದರೆ ಆ ಕಥೆ ಹೇಳಲು ಸಾಕು.

ಕನಕಪುರಕ್ಕೆ ಅರ್ಕಾವತಿಯ ಕಥೆಯಿದೆ. ನಂದಿಬೆಟ್ಟದ ಕಡೆಯಿಂದ ಹರಿದು ಬರುವ ಹೊಳೆ ಮಂಚನಬೆಲೆಯಲ್ಲಿ ನಿಂತು, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಹೊಳೆಯನ್ನೇ ಒಬ್ಬ ಹುಡುಗಿಯಾಗಿಸಿ ಊರಿಂದ ಊರಿಗೆ ನಡೆಸಿದರೆ ನಾಲ್ಕು ತಾಲ್ಲೂಕಿನ ಮಕ್ಕಳಿಗೂ ಅದು ತಮ್ಮದೇ ಕಥೆ.

ಹಬ್ಬ ಹೇಗಿರಬೇಕು

ಜಾಗ ಹುಡುಕುವ ಅಗತ್ಯವಿಲ್ಲ. ಕರ್ನಾಟಕ ಜಾನಪದ ಪರಿಷತ್ತು 1979ರಲ್ಲಿ ಹುಟ್ಟಿತು. ಅದು ಕಟ್ಟಿದ ಜಾನಪದ ಲೋಕ 1994ರಿಂದ ಸುಮಾರು 15 ಎಕರೆಯಲ್ಲಿ ನಿಂತಿದೆ. ಬಯಲು ರಂಗವಿದೆ, ಮರದ ನೆರಳಿದೆ, ಲೋಕೋತ್ಸವ ನಡೆಸಿದ ಅನುಭವವಿದೆ. ನಾಗೇಗೌಡರು ಊರೂರು ಸುತ್ತಿ ಕೂಡಿಟ್ಟದ್ದು ಮುಂದಿನ ತಲೆಮಾರಿಗಾಗಿ. ಆ ತಲೆಮಾರು ಈಗ ಬಂದು ಕೂರಬೇಕು.

ಕ್ಯಾಮೆರಾ ಎಲ್ಲಿಡಬೇಕೆಂಬುದು ಮುಖ್ಯ. ಒಂದು ಪರದೆಯ ಎದುರಿಗಿರಲಿ. ಇನ್ನೊಂದು ಮಕ್ಕಳ ಮುಖದ ಕಡೆ ತಿರುಗಿರಲಿ. ಮೂರನೆಯದು ಪರದೆಯ ಹಿಂದೆ ಇರಲಿ, ಅಲ್ಲಿ ಬೆವರುತ್ತ ಕುಣಿಯುವ, ಹಾಡುವ, ಮದ್ದಳೆ ಬಾರಿಸುವ ಕುಟುಂಬವನ್ನು ನಾಡು ನೋಡಲಿ. ತೊಗಲು ಗೊಂಬೆಗೆ ಕತ್ತಲು ಬೇಕು. ಸ್ಟುಡಿಯೊ ದೀಪಗಳನ್ನೆಲ್ಲ ಹಚ್ಚಿದರೆ ನೆರಳೂ ಬಣ್ಣವೂ ಸತ್ತುಹೋಗುತ್ತವೆ. ಮಕ್ಕಳ ಸಾಲಿನಲ್ಲಿ ಮೈಕು ಇಡಬೇಕು, ಕಿಳ್ಳೇಕ್ಯಾತನಿಗೆ ಅವರು ಕೊಡುವ ಉತ್ತರವೇ ಆಟದ ಅರ್ಧ ಜೀವ. ಇರುಳಿಡೀ ನಡೆಯುವ ಪ್ರಸಂಗವನ್ನು ಮುಕ್ಕಾಲು ಗಂಟೆಗೆ ಇಳಿಸುವ ಕೆಲಸವನ್ನು ಮೇಳದ ಹಿರಿಯರೇ ಮಾಡಲಿ. ಕಥೆಯ ಯಾವ ಕೊಂಡಿ ಕಳಚಬಾರದು ಎಂಬುದು ಅವರಿಗೆ ಗೊತ್ತು.

ಆಟ ಮುಗಿದ ಮೇಲೆ ಮಕ್ಕಳನ್ನು ಪರದೆಯ ಹಿಂದಕ್ಕೆ ಕರೆದೊಯ್ದು ಗೊಂಬೆಯನ್ನು ಕೈಗೆ ಕೊಡಬೇಕು. ಬೆಳಗ್ಗೆ ಬಂದ ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಊಟ, ನೆರಳು, ಶೌಚಾಲಯ ಇರಬೇಕು. ಟಿ.ವಿ.ಯಲ್ಲಿ ನಟಿಸುವ ಮಕ್ಕಳಿಗೆ ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಕೊಡಬಾರದು, ವಿರಾಮವಿಲ್ಲದೆ 3 ಗಂಟೆ ಮೀರಬಾರದು ಎಂದು 2017ರ ಬಾಲಕಾರ್ಮಿಕ ನಿಯಮಗಳು ಹೇಳುತ್ತವೆ. ನೋಡಲು ಬಂದ ಮಕ್ಕಳ ಮೇಲೂ ಅದೇ ಕಾಳಜಿ ಇರಲಿ. ಒಳ್ಳೆಯ ಶಾಟ್ ಸಿಗಲಿಲ್ಲವೆಂದು ಒಂದೇ ಚಪ್ಪಾಳೆಯನ್ನು ಹತ್ತು ಸಲ ಹೊಡೆಸುವುದು ಹಬ್ಬವಲ್ಲ.

ಇನ್ನು ಕಲಾವಿದರ ಸಂಭಾವನೆ. ಶಾಲು, ಹಾರ, ನೆನಪಿನ ಕಾಣಿಕೆ ಕೊಟ್ಟು ಬಸ್ ಚಾರ್ಜಿಗೆ ಅಲೆದಾಡಿಸುವ ರೂಢಿ ನಿಲ್ಲಬೇಕು. ಮೇಳವೆಂದರೆ ಇಡೀ ಕುಟುಂಬ. ಎಲ್ಲರಿಗೂ ಸಂಭಾವನೆ ಸಿಗಬೇಕು. ಮರುಪ್ರಸಾರವಾದಾಗಲೂ ಒಂದು ಪಾಲು ಅವರಿಗೆ ತಲುಪಬೇಕು. ಒಂದು ವರ್ಷ ತೊಗಲು ಗೊಂಬೆ, ಮರುವರ್ಷ ಸೂತ್ರದ ಗೊಂಬೆ, ಮತ್ತೊಂದು ವರ್ಷ ಉಪ್ಪಿನಕುದ್ರುವಿನದೋ ಕಾಸರಗೋಡಿನದೋ ಯಕ್ಷಗಾನ ಗೊಂಬೆ. ಹೀಗೆ ಸರದಿ ನಡೆದರೆ ಕೆಲವೇ ವರ್ಷಗಳಲ್ಲಿ ಕರ್ನಾಟಕದ ಗೊಂಬೆಯಾಟದ ಒಳ್ಳೆಯ ದಾಖಲೆಯೂ ನಾಡಿನ ಕೈಸೇರುತ್ತದೆ.

ಕನಕಪುರದ ಕಾಡಂಚಿನ ಹಳ್ಳಿಯ ಸರ್ಕಾರಿ ಶಾಲೆಯ ಮಗು ಬೆಂಗಳೂರಿನ ಗೊಂಬೆ ಉತ್ಸವಕ್ಕೆ ಬರಲಾರದು. ಆ ಮಗುವಿನ ಮನೆಯ ಟಿ.ವಿ.ಗೆ ಉತ್ಸವ ಹೋಗಬಹುದು. ಚಂದನ ವಾಹಿನಿ, ಶಾಲಾ ಶಿಕ್ಷಣ ಇಲಾಖೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಜಾನಪದ ಪರಿಷತ್ತು ನಾಲ್ವರೂ ಒಂದು ಮೇಜಿನ ಸುತ್ತ ಕೂತರೆ ಬರುವ ದಸರಾ ರಜೆಯಲ್ಲೇ ಮೊದಲ ಹಬ್ಬ ಮಾಡಬಹುದು. ಅವರು ಕೂರುವವರೆಗೆ ಓದುಗರೂ ಕೈಕಟ್ಟಿ ಕೂರಬೇಕಿಲ್ಲ. ಈ ರಜೆಯಲ್ಲಿ ಮಕ್ಕಳನ್ನು ಜಾನಪದ ಲೋಕಕ್ಕೆ ಕರೆದೊಯ್ಯಿರಿ. ಹಳೆಯ ಹೆದ್ದಾರಿಯಲ್ಲೇ ಹೋಗಿ, ಚನ್ನಪಟ್ಟಣದಲ್ಲಿ ಇಳಿದು ಒಂದು ಬೊಂಬೆ ಕೊಳ್ಳಿರಿ. ನಿಮ್ಮ ಊರಿನ ಶಾಲೆಯ ವಾರ್ಷಿಕೋತ್ಸವಕ್ಕೆ ಸಿನಿಮಾ ಹಾಡಿನ ಡ್ಯಾನ್ಸಿನ ಜೊತೆಗೆ ಒಂದು ಗೊಂಬೆ ಮೇಳವನ್ನೂ ಕರೆಸಿ, ಅವರ ದುಡಿಮೆಗೆ ತಕ್ಕ ಹಣ ಕೊಟ್ಟು ಕಳುಹಿಸಿರಿ.